ಸಾಬೂನಿನ ಮೇಲೊಂದು ನಕ್ಷೆ

ಮನೆಬಳಕೆಯ ಸಾಮಾನುಗಳನ್ನು ತಂದು ಒಂದು ಕೋಣೆಯಲ್ಲಿ ಜೋಡಿಸಿಟ್ಟು ಅದನ್ನು ಕಲೆಯೆಂದು ಕರೆಯುವವರನ್ನು ಕಂಡರೆ ನಮ್ಮ ಮಿತ್ರರಲ್ಲಿ ಅನೇಕರಿಗೆ ತಾತ್ಸಾರ. ‘ಇದರಲ್ಲಿ ಕೈಚಳಕವೆಲ್ಲಿ?’ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ, ಪ್ರತಿಷ್ಠಾಪನಾ ಕಲೆಯ ಹೆಸರಿನಲ್ಲಿ ಬರಿಯ ಠೀವಿಯೂ ಬೇಕಾದಷ್ಟು ನಡೆಯುತ್ತದೆ. ಆದರೂ ಬೇರೆ ಬಗೆಯಿಂದ ಹೇಳಲಾಗದ ಕೆಲವು ಮಾತುಗಳನ್ನು ಈ ಕಲೆ ಹೇಳಬಲ್ಲುದೆಂದು ನನ್ನ ನಂಬಿಕೆ. ಮೋನಾ ಹತೂಮ್ ಎಂಬ ಕಲಾವಿದೆಯನ್ನೇ ನೋಡಿ.

ಈಕೆಯ ತಂದೆತಾಯಿಗಳು ಪ್ಯಾಲೆಸ್ಟೈನಿನ ಹೈಫಾದವರು. 1948ರಲ್ಲಿ ಊರು ಬಿಟ್ಟು ಬೈರೂತ್ ಸೇರಿದರು. ಮಗಳು ಹುಟ್ಟಿದ್ದು ಅಲ್ಲಿ, 1952ರಲ್ಲಿ. 1975ರಲ್ಲಿ ಆಕೆ ಕೆಲವು ದಿನಗಳ ಮಟ್ಟಿಗೆಂದು ಲಂಡನ್ನಿಗೆ ಹೋಗಿದ್ದಾಗ ಲೆಬನಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡು, ಹಿಂದಿರುಗುವ ದಾರಿ ಮುಚ್ಚಿತು. ತಂದೆತಾಯಿಗಳಿಗೆ ಒಂದು ಊರು ತಪ್ಪಿತು, ಮಗಳಿಗೆ ಇನ್ನೊಂದು. ಆ ಮನೆತನದ ಪಿತ್ರಾರ್ಜಿತವೆಂದರೆ ಇದೇ. 1988ರ ಆಕೆಯ ಹದಿನೈದು ನಿಮಿಷದ ವಿಡಿಯೋ ಒಂದರಲ್ಲಿ ತಾಯಿಯ ಚಿತ್ರಗಳ ಮೇಲೆ ತಾಯಿಯದೇ ಅರಬ್ಬೀ ಕಾಗದಗಳ ಸಾಲುಗಳು ಪರದೆಯಂತೆ ಇಳಿಬಿದ್ದಿವೆ. ಮಗಳು ಅವನ್ನು ಇಂಗ್ಲಿಷಿನಲ್ಲಿ ಓದುತ್ತಾಳೆ. ಹತ್ತಿರದ ಅಂಚೆಕಚೇರಿ ಬಾಂಬಿಗೆ ಸಿಕ್ಕಿ ಹಾಳಾಯಿತೆಂಬ ಸುದ್ದಿಯೂ ಆ ಕಾಗದಗಳಲ್ಲಿದೆ.

ನಾನು ಹೇಳಹೊರಟದ್ದು ಮಾತ್ರ 1996ರ ಕೃತಿ. ಜೆರೂಸಲೇಮಿನ ಒಂದು ಗ್ಯಾಲರಿಯ ನೆಲದ ಮೇಲೆ ಎರಡು ಸಾವಿರಕ್ಕೂ ಮಿಕ್ಕ ಸಾಬೂನಿನ ಬಿಲ್ಲೆಗಳನ್ನು ಆಕೆ ಒತ್ತೊತ್ತಾಗಿ ಜೋಡಿಸಿದಳು. ಅವುಗಳಲ್ಲಿ ಕೆಂಪು ಗಾಜಿನ ಮಣಿಗಳನ್ನು ಒತ್ತಿ ಒಂದು ನಕ್ಷೆ ಬರೆದಳು. 1993ರ ಓಸ್ಲೋ ಒಪ್ಪಂದದಂತೆ ಪ್ಯಾಲೆಸ್ಟೀನಿಯರಿಗೆ ಬಿಡಬೇಕಾಗಿದ್ದ ನೆಲದ ಗಡಿಗಳು ಅವು. ಒಂದಕ್ಕೊಂದು ತಾಗದೆ ದ್ವೀಪಗಳ ಹಾಗೆ ಕಾಣುತ್ತವೆ.

ಸಾಬೂನು ನಾಬ್ಲಸ್ ನಗರದ್ದು. ಆಲಿವ್ ಎಣ್ಣೆಯನ್ನು ಕ್ಷಾರದೊಡನೆ ಕುದಿಸಿ, ನೆಲದ ಮೇಲೆ ಹರಡಿ, ಬಿಲ್ಲೆ ಕತ್ತರಿಸಿ, ಗೋಪುರದಂತೆ ಪೇರಿಸಿ ಒಣಗಿಸುವ ಕೆಲಸ ಅಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಯುನೆಸ್ಕೋ 2024ರಲ್ಲಿ ಅದನ್ನು ತನ್ನ ಪಟ್ಟಿಗೆ ಸೇರಿಸಿತು. ಕೈಚಳಕವೆಲ್ಲಿ ಎಂದು ಕೇಳುವವರಿಗೆ ಇದೇ ನನ್ನ ಉತ್ತರ: ಕೈಚಳಕ ಇಲ್ಲಿ ಧಾರಾಳವಾಗಿ ಇದೆ, ಆದರೆ ಅದು ಕಲಾವಿದೆಯೊಬ್ಬಳದಲ್ಲ, ಒಂದು ಊರಿನದು. ಅದನ್ನು ಮರೆಮಾಚದೆ, ಬಣ್ಣ ಬಳಿಯದೆ, ಇದ್ದಂತೆಯೇ ತಂದಿಟ್ಟಿದ್ದಾಳೆ. ಇದೇ ಸಾಬೂನನ್ನು ಕ್ಯಾನ್ವಾಸಿನ ಮೇಲೆ ಎಷ್ಟು ಅಂದವಾಗಿ ಬರೆದರೂ ಅದಕ್ಕೆ ವಾಸನೆ ಬರುತ್ತಿತ್ತೆ? ಅಲ್ಲಿಯ ಜನರಿಗೆ ಮನೆಯ ಬಚ್ಚಲಿನ ನೆನಪು ತರುವುದು ಆ ವಾಸನೆಯೇ. (ಫೋಟೋ ನೋಡಿ ಬರೆಯುತ್ತಿರುವ ನನಗೂ ಅದು ದಕ್ಕಿಲ್ಲವೆನ್ನಿ.) ನಾಬ್ಲಸನ್ನು ಅರಿಯದವರಿಗೆ ಇದು ಬರಿಯ ಸಾಬೂನು ಎಂಬ ಆಕ್ಷೇಪಣೆ ಉಳಿದೇ ಉಳಿಯುತ್ತದೆ; ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಪ್ರದರ್ಶನಕ್ಕೆ ಬಂದವರೊಬ್ಬರು, ಸಾಬೂನು ಕರಗಿದರೆ ಈ ಹಾಳು ಗಡಿಗಳೂ ಹೋಗಲಿ ಎಂದೇ ಹೀಗೆ ಮಾಡಿದಿರಾ ಎಂದು ಕೇಳಿದರಂತೆ. ಒಳ್ಳೆಯ ಆಸೆ. ಆದರೆ ಗಡಿ ಬರೆದಿರುವುದು ಗಾಜಿನಿಂದ. ನೀರು ಬಿದ್ದರೆ ಮೊದಲು ಹೋಗುವುದು ನಾಬ್ಲಸಿನ ಸಾಬೂನೇ.