ಬಿಪಿ ಜೊತೆ ಮನಸ್ಸನ್ನೂ ವಿಚಾರಿಸಿ

ಕೃಷ್ಣರಾಜಪುರದ ಸುತ್ತಮುತ್ತ ಈಗ ಎಪ್ಪತ್ತು ದಾಟಿದ ಹಲವರ ಬದುಕು ಕಾರ್ಖಾನೆಯ ಪಾಳಿಗೆ ಹೊಂದಿಕೊಂಡಿತ್ತು. ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ದೂರವಾಣಿ ಕಾರ್ಖಾನೆ ಸಂಬಳದ ಜೊತೆಗೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆಗಳನ್ನೂ ಕೊಟ್ಟಿತ್ತು. ತೊಂಬತ್ತರ ದಶಕದಲ್ಲಿ ದೂರಸಂಪರ್ಕ ಕ್ಷೇತ್ರ ಖಾಸಗಿಯವರಿಗೆ ತೆರೆದುಕೊಂಡ ಮೇಲೆ ಆರ್ಡರ್‌ಗಳು ಕುಸಿದವು, ಸ್ವಯಂನಿವೃತ್ತಿ (ವಿಆರ್‌ಎಸ್) ಬಂತು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಬಾಗಿಲೇ ಹಾಕಿತು. ಆಮೇಲೆ 2021ರ ಕೋವಿಡ್ ಎರಡನೇ ಅಲೆ. ಸಂಗಾತಿಯ ಮುಖವನ್ನು ಕೊನೆಯ ಬಾರಿ ನೋಡಲೂ ಆಗದೆ ಉಳಿದವರಿದ್ದಾರೆ. ಇಂಥವರು ಕ್ಲಿನಿಕ್ಕಿಗೆ ಬಂದು ಮನಸ್ಸಿಗೆ ಬೇಜಾರು ಅನ್ನುವುದು ಕಡಿಮೆ. ನಿದ್ದೆ ಹತ್ತಲ್ಲ, ಊಟ ಸೇರಲ್ಲ, ಎದೆ ಹಿಡಿದಂಗಾಗುತ್ತೆ ಅನ್ನುತ್ತಾರೆ. ‘ವಯಸ್ಸಾಯ್ತಲ್ಲ ಅಜ್ಜಿ’ ಎಂಬ ಸಮಾಧಾನದ ಜೊತೆ ಗ್ಯಾಸ್ಟ್ರಿಕ್ ಮಾತ್ರೆ ಕೈಗೆ ಬರುತ್ತದೆ.

ಈ ಸಮಾಧಾನವೇ ತಪ್ಪು. ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ದಶಕಗಳ ಅಧ್ಯಯನದಲ್ಲಿ ಕಂಡಿದ್ದು, ವಯಸ್ಸಾದಂತೆ ಸಾಮಾನ್ಯವಾಗಿ ಮನಸ್ಸು ತಿಳಿಯಾಗುತ್ತದೆ, ಸಿಟ್ಟು ಸೆಡವು ಇಳಿಯುತ್ತದೆ ಎಂಬುದನ್ನು. ಹಾಗಿದ್ದ ಮೇಲೆ ಬಿಡದೆ ಕಾಡುವ ಬೇಸರವನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವುದು ಹೇಗೆ? ವಯಸ್ಸಾಗುತ್ತಿರುವವರ ಬಗ್ಗೆ 2017-18ರಲ್ಲಿ ನಡೆದ ‘ಲಾಸಿ’ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಅರವತ್ತು ದಾಟಿದವರಲ್ಲಿ ಶೇ 8.3ರಷ್ಟು ಮಂದಿಗೆ ತೀವ್ರ ಖಿನ್ನತೆಯ ಲಕ್ಷಣಗಳಿದ್ದವು. ವೈದ್ಯರು ಹಾಗೆಂದು ಗುರುತಿಸಿದ್ದಾರೆ ಎಂದವರು ಶೇ 1ಕ್ಕಿಂತ ಕಡಿಮೆ. ಉಳಿದವರ ಕಾಯಿಲೆಗೆ ಹೆಸರೇ ಬಿದ್ದಿಲ್ಲ.

ಹಾಗಾದರೆ ಕ್ಲಿನಿಕ್ಕಿನಲ್ಲೇ ಮನಸ್ಸನ್ನೂ ವಿಚಾರಿಸಲಿ ಎಂದರೆ ಆಕ್ಷೇಪಗಳು ಬರುತ್ತವೆ. ಮುಗಿದದ್ದನ್ನು ಯಾಕೆ ಕೆದಕಬೇಕು ಎಂಬುದರಲ್ಲಿ ಹುರುಳಿದೆ. ಆಘಾತವಾದವರನ್ನು ಕೂರಿಸಿ ಬಲವಂತವಾಗಿ ಎಲ್ಲ ಹೇಳಿಸುವುದರಿಂದ ಲಾಭವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಆದರೆ ಕೆದಕುವುದು ಬೇರೆ, ವಿಚಾರಿಸುವುದು ಬೇರೆ. ಮನೆಯಲ್ಲಿ ಮಕ್ಕಳಿದ್ದಾರಲ್ಲ ಅನ್ನುವವರು ಒಂದು ಮರೆಯುತ್ತಾರೆ: ಹಿರಿಯರು ಮೊದಲು ಮುಚ್ಚಿಡುವುದೇ ಮಕ್ಕಳಿಂದ, ಹೊರೆಯಾಗಬಾರದೆಂದು. ಇನ್ನು ಡಾಕ್ಟರಿಗೆ ಪುರುಸೊತ್ತಿಲ್ಲ ಎಂಬ ಮಾತು. ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿತ್ತೇ, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿತ್ತೇ? ಖಿನ್ನತೆಯ ಮೊದಲ ಜರಡಿಗೆ ಜಗತ್ತಿನಾದ್ಯಂತ ಬಳಸುವುದು ಈ ಎರಡೇ ಪ್ರಶ್ನೆ. ಬಿಪಿ ಪಟ್ಟಿ ಕಟ್ಟಿ ಬಿಚ್ಚುವಷ್ಟರಲ್ಲಿ ಅದನ್ನು ನರ್ಸೇ ಕೇಳಿ ಮುಗಿಸಬಹುದು. ನಮ್ಮ ಕ್ಲಿನಿಕ್‌ಗಳಲ್ಲಿ ಬಿಪಿ, ಶುಗರ್ ಬರೆಯುವ ಚೀಟಿಯಲ್ಲೇ ಇದಕ್ಕೊಂದು ಸಾಲು ಸೇರಿಸಲಿ. ಅಲ್ಲಿಯವರೆಗೆ ಮನೆಯವರೇ ಕೇಳಬಹುದು. ಉತ್ತರ ಹೌದು ಎಂದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.