ಲಾರಿಯ ಕೀಲು ಮತ್ತು ಮೂರು ದರಪಟ್ಟಿಗಳು

ಸರ್ಕಾರಿ ಕಛೇರಿಯ ಗುಮಾಸ್ತರಾದ ನಮಗೂ ಲಾರಿಯ ಹೊಟ್ಟೆಯ ಕೆಳಗಿನ ಕೀಲಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಕೀಲಿನೊಡನೆ ಅಲ್ಲ, ದರಪಟ್ಟಿಯೊಡನೆ. ಮೂರು ಅಂಗಡಿಯವರ ದರಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ತುಲನಾಪಟ್ಟಿ ಸಿದ್ಧಪಡಿಸುವುದು ನಮ್ಮ ನಿತ್ಯಕರ್ಮ. ಈ ಸುದ್ದಿ ಸಂಘದಲ್ಲಿ ಹೇಗೋ ಹಬ್ಬಿಬಿಟ್ಟಿದೆ. ಹೊಲಿಗೆ ಯಂತ್ರ ಕೊಳ್ಳುವವರು, ಮಗನಿಗೆ ಸೈಕಲ್ ಕೊಳ್ಳುವವರು, ಎಲ್ಲರೂ ದರಪಟ್ಟಿ ಹಿಡಿದು ನಮ್ಮಲ್ಲಿಗೇ ಬರುತ್ತಾರೆ. ಈ ಸಲ ಬಂದವರು ನವಿ ಮುಂಬಯಿಯ ಕಳಂಬೋಲಿಯಲ್ಲಿ ಲಾರಿ ದುರಸ್ತಿಯ ಸಣ್ಣ ಗ್ಯಾರೇಜು ಇಟ್ಟುಕೊಂಡಿರುವ ಸದಸ್ಯರು, ವಿಜಯಪುರದ ಕಡೆಯವರು.

"ರಾಯರ, ಸುತ್ತಿಗಿ ಸಾಕಾಗೇತ್ರಿ. ಜಾಯಿಂಟ್ ಕ್ರಾಸ್ ತಗಿಯೂ ಪ್ರೆಸ್ಸು ತಗೋಬೇಕಂತ ಮಾಡೀನಿ. ಮೂರು ಕೊಟೇಶನ್ ಅದಾವ. ಯಾವ್ದು ತಗೊಳ್ಳಿ, ನೀವ ಹೇಳ್ರಿ" ಎಂದರು.

ಅವರು ಬೇಸತ್ತಿದ್ದುದಕ್ಕೆ ಕಾರಣವಿತ್ತು. ಅವರ ಅಕ್ಕನ ಮಗ, ಹತ್ತೊಂಬತ್ತು ವರ್ಷದ ಹುಡುಗ, ಎರಡು ತಿಂಗಳ ಹಿಂದೆ ತುಕ್ಕು ಹಿಡಿದ ಕೀಲೊಂದನ್ನು ಬಡಿಯುತ್ತಿದ್ದಾಗ ಉಕ್ಕಿನ ಚೂರೊಂದು ಸಿಡಿದು ಹುಬ್ಬಿಗೆ ಹೊಕ್ಕಿತು. ಅರ್ಧ ಅಂಗುಲ ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಹದ ಹಾಕಿ ಗಟ್ಟಿ ಮಾಡಿದ ಉಕ್ಕಿನ ಮೇಲೆ ಅಷ್ಟೇ ಗಟ್ಟಿಯಾದ ಸುತ್ತಿಗೆಯ ಪೆಟ್ಟು ಬಿದ್ದರೆ ಹೀಗಾಗುವುದುಂಟು. ಊರಿನಲ್ಲಿರುವ ಅಕ್ಕನಿಗೆ ಅವರು ಇನ್ನೂ ಈ ವಿಷಯ ತಿಳಿಸಿಲ್ಲ.

ಮೊದಲು ಕೀಲಿನ ಪರಿಚಯವಾಗಲಿ. ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಹರಿಯುವುದು ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ಕೊಳವೆಯ ಮೂಲಕ. ರಸ್ತೆಯ ತಗ್ಗು ದಿಣ್ಣೆಗಳಲ್ಲಿ ಅಚ್ಚು ಏಳುತ್ತ ಬೀಳುತ್ತ ಇರುವುದರಿಂದ ಆ ಕೊಳವೆ ತಿರುಗುತ್ತಲೇ ಬಾಗಬೇಕು. ಇದಕ್ಕಾಗಿ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಎರಡು ಕವೆಗಳ ನಡುವೆ ಕೂಡುವ ಚಿಹ್ನೆಯಾಕಾರದ ಉಕ್ಕಿನ ಕ್ರಾಸ್. ಅದಕ್ಕೆ ನಾಲ್ಕು ತೋಳು. ಒಂದೊಂದು ತೋಳಿಗೂ ಒಂದೊಂದು ಟೋಪಿ. ಟೋಪಿಯನ್ನು ಮೇಸ್ತ್ರಿಗಳು ಕಪ್ ಎನ್ನುತ್ತಾರೆ. ಕಪ್ಪಿನ ಒಳಸುತ್ತಿನಲ್ಲಿ ಸೂಜಿಯಂಥ ಸಣ್ಣ ರೋಲರುಗಳು ಸಾಲಾಗಿ ನಿಂತಿರುತ್ತವೆ. ಕಪ್ಪು ಕವೆಯ ಕಿವಿಯೊಳಗೆ ಬಿಗಿಯಾಗಿ ಕೂತಿರುತ್ತದೆ. ಅದು ಜಾರದಂತೆ ಸರ್ಕ್ಲಿಪ್ ಎಂಬ ಬಳೆ ಕಾಯುತ್ತದೆ.

ಈ ಕೀಲಿಗೆ ಹದಿನಾರನೆಯ ಶತಮಾನದ ಇಟಲಿಯ ಕಾರ್ಡಾನೋ ಎಂಬ ಪಂಡಿತನ ಹೆಸರೂ ಉಂಟು, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ಕನ ಹೆಸರೂ ಉಂಟು. ಮೋಟಾರು ಗಾಡಿಗೆ ಒಗ್ಗುವಂತೆ ಇದನ್ನು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಅಂದಿನಿಂದ ಇಂದಿನವರೆಗೆ ಕೀಲಿನ ಮೂಲ ರೂಪ ಬದಲಾಗಿಲ್ಲ. ಗ್ರೀಸು ಒಣಗಿದರೆ ಸೂಜಿಗಳು ತೋಳನ್ನು ಕೊರೆಯುತ್ತವೆ, ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಾಣುತ್ತದೆ, ಗೇರು ಬದಲಿಸಿದಾಗ 'ಟಣ್' ಎಂದು ಸದ್ದಾಗುತ್ತದೆ. ಅಷ್ಟಾದರೂ ಎಚ್ಚರಗೊಳ್ಳದಿದ್ದರೆ ಒಂದು ದಿನ ಓಡುವ ಲಾರಿಯಡಿ ಶಾಫ್ಟು ಕಳಚಿ ಬೀಳುತ್ತದೆ. ಮುಂದಿನ ತುದಿ ಕಳಚಿ ರಸ್ತೆಗೆ ಚುಚ್ಚಿಕೊಂಡರೆ ಡ್ರೈವರನ ಗತಿಯನ್ನು ಇಲ್ಲಿ ಬಣ್ಣಿಸಬೇಕಾಗಿಲ್ಲ.

ಇನ್ನು ದರಪಟ್ಟಿಗಳು. ಮೊದಲನೆಯದು ಎಲ್ಲಕ್ಕಿಂತ ಅಗ್ಗ: ಇಂಗ್ಲಿಷಿನ ಸಿ ಅಕ್ಷರದಂಥ ಚೌಕಟ್ಟು, ಅದರಲ್ಲೊಂದು ತಿರುಪು. ಒಂದು ಕಡೆ ತಿರುಪು ಕಪ್ಪನ್ನು ಒತ್ತುತ್ತದೆ, ಎದುರಿನ ಕಪ್ಪು ಒಂದು ಉಂಗುರದೊಳಕ್ಕೆ ಹೊರಬರುತ್ತದೆ. ಎರಡನೆಯದು ಪುಲ್ಲರ್: ಕವೆಯನ್ನೇ ಹಿಡಿದುಕೊಂಡು ನಡುವಿನ ತಿರುಪಿನಿಂದ ಕ್ರಾಸನ್ನು ತಳ್ಳಿ ಕಪ್ಪನ್ನು ಹೊರಡಿಸುವ ಸಾಧನ. ಲಾರಿಯಡಿ ಮಲಗಿಕೊಂಡೇ ಇದನ್ನು ಬಳಸಬಹುದು. ಮೂರನೆಯದು, ಎಲ್ಲಕ್ಕಿಂತ ದುಬಾರಿ: ನೆಲದ ಮೇಲೆ ನಿಲ್ಲುವ 20 ಟನ್ನಿನ ಹೈಡ್ರಾಲಿಕ್ ಪ್ರೆಸ್ಸು.

ಎಲ್ಲಕ್ಕಿಂತ ಕಡಿಮೆ ದರದವರಿಗೇ ಆದೇಶ ಕೊಡುವುದು ಸರ್ಕಾರದ ಪದ್ಧತಿ ಎಂದು ಜನ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಬೇಕಾದ ಗುಣಗಳನ್ನು ಮೊದಲು ಬರೆದಿಟ್ಟು, ಅವು ಇರುವ ವಸ್ತುಗಳ ನಡುವೆ ಮಾತ್ರ ದರ ಹೋಲಿಸಬೇಕು ಎಂಬುದು ಪೂರ್ಣ ಸತ್ಯ. ಆದ್ದರಿಂದ ನಾವು ದರಪಟ್ಟಿಗಳನ್ನು ಮಡಿಸಿಟ್ಟು, ಬಿಳಿ ಹಾಳೆ ತೆಗೆದು ಅವರನ್ನೇ ಪ್ರಶ್ನೆ ಕೇಳತೊಡಗಿದೆವು.

ಮೊದಲ ಪ್ರಶ್ನೆ ಅಳತೆಯದು. ಸಣ್ಣ ಗಾಡಿಯ ಕಪ್ಪಿನ ವ್ಯಾಸ ಸುಮಾರು 27 ಮಿಲಿಮೀಟರ್ ಇದ್ದರೆ ದೊಡ್ಡ ಲಾರಿಯದು 50ರ ಹತ್ತಿರ. ಕಾರಿಗೆಂದು ಮಾಡಿದ ಚೌಕಟ್ಟಿನ ಬಾಯಿಗೆ ಲಾರಿಯ ಕವೆ ಹಿಡಿಸುವುದಿಲ್ಲ. ಹಿಡಿಸಿದರೂ ತಿರುಪು ಬಿಗಿದಂತೆ ಚೌಕಟ್ಟೇ ಬಾಯಿ ಕಿಸಿಯುತ್ತದೆ, ಕಪ್ಪು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಎರಕದ ಕಬ್ಬಿಣವಾದರೆ ಸದ್ದಿಲ್ಲದೆ ಸೀಳಿಬಿಡಬಹುದು. ಬಡಿದು ರೂಪಿಸಿದ ಉಕ್ಕಿನ ಚೌಕಟ್ಟು, ಅಗಲ ಹಲ್ಲಿನ ದಪ್ಪ ತಿರುಪು, ತಿರುಪಿನ ತುದಿಯಲ್ಲಿ ತಾನೇ ತಿರುಗುವ ಬಿಲ್ಲೆ ಇವು ಇರಲೇಬೇಕು. ಅಗ್ಗದ ದರಪಟ್ಟಿಯಲ್ಲಿ ಅಳತೆಯನ್ನೇ ಬರೆದಿರಲಿಲ್ಲ. ಅದು ಅಲ್ಲಿಗೇ ಬಿದ್ದುಹೋಯಿತು.

ಎರಡನೆಯ ಪ್ರಶ್ನೆ: ಕೆಲಸ ಎಲ್ಲಿ ನಡೆಯುತ್ತದೆ? ರಸ್ತೆಯ ಬದಿಯಲ್ಲೋ, ಗ್ಯಾರೇಜಿನೊಳಗೋ? ಅವರು ತಲೆ ಕೆರೆದುಕೊಂಡರು. ಉತ್ತರ ಬಂದದ್ದು ಅವರ ಮನೆಯವರಿಂದ. ಗ್ಯಾರೇಜಿನ ಲೆಕ್ಕ ಬರೆಯುವವರು ಆಕೆಯೇ. ಚೀಲದಿಂದ ಪುಸ್ತಕ ತೆಗೆದು ಬೆರಳಿಟ್ಟು ಎಣಿಸಿದರು. ಮೂರು ತಿಂಗಳಲ್ಲಿ ನಲವತ್ತೊಂದು ಕೀಲು. ಅದರಲ್ಲಿ ರಸ್ತೆಯ ಮೇಲೆ ಆರು, ಗ್ಯಾರೇಜಿನಲ್ಲಿ ಮೂವತ್ತೈದು. ಅವರಲ್ಲಿಗೆ ಬರುವ ಲಾರಿಗಳ ಶಾಫ್ಟು ಫ್ಲಾಂಜಿಗೆ ಬೋಲ್ಟಿನಿಂದ ಕೂಡಿರುತ್ತದಂತೆ. ಬೋಲ್ಟು ಬಿಚ್ಚಿದರೆ ಶಾಫ್ಟು ಇಡಿಯಾಗಿ ಕೆಳಗಿಳಿಯುತ್ತದೆ. ಹಾಗಿದ್ದ ಮೇಲೆ ಲಾರಿಯಡಿ ಮಲಗಿ ಮಾಡುವ ಸಾಧನಕ್ಕೆ ಮೊದಲ ಮರ್ಯಾದೆ ಏಕೆ?

ಮೂರನೆಯ ಪ್ರಶ್ನೆಯೇ ನಮಗೆ ಮುಖ್ಯವಾಗಿ ಕಂಡದ್ದು: ಎಷ್ಟು ಬಲ ಬೀಳುತ್ತಿದೆ ಎಂಬುದು ಕೆಲಸ ಮಾಡುವವನಿಗೆ ತಿಳಿಯುತ್ತದೆಯೇ? ಸುತ್ತಿಗೆಗೆ ಮಾತು ಬಾರದು. ತಿರುಪು ಕೈಯ ಬಿಗಿತದಿಂದ ಅಷ್ಟಿಷ್ಟು ಹೇಳುತ್ತದೆ. ಹೈಡ್ರಾಲಿಕ್ ಪ್ರೆಸ್ಸಿಗೆ ಮುಳ್ಳಿನ ಗೇಜು ಇದ್ದರೆ ಅದು ಬಾಯಿಬಿಟ್ಟು ಹೇಳುತ್ತದೆ. ಹದಿನೇಳನೆಯ ಶತಮಾನದಲ್ಲಿ ಪಾಸ್ಕಲ್ ಕಂಡ ತತ್ತ್ವದ ಮೇಲೆ 1795ರಲ್ಲಿ ಇಂಗ್ಲೆಂಡಿನ ಬ್ರಾಮಾ ಪೇಟೆಂಟ್ ಪಡೆದ ಯಂತ್ರ ಇದು: ದೊಡ್ಡ ಕೊಂತದ ವ್ಯಾಸ ಸಣ್ಣದಕ್ಕಿಂತ ಐದು ಪಟ್ಟಿದ್ದರೆ ಬಲ ಇಪ್ಪತ್ತೈದು ಪಟ್ಟು. 20 ಟನ್ ಎಂದರೆ ಅದರ ಗರಿಷ್ಠ ಶಕ್ತಿ. ಕೀಲಿಗೆ ಅಷ್ಟು ಬೇಕೆಂದಲ್ಲ. ಮುಳ್ಳು ದಿನದ ಅಳತೆ ಮೀರಿ ಏರುತ್ತಿದೆಯೆಂದರೆ ಏನೋ ತಪ್ಪಿದೆ: ಸರ್ಕ್ಲಿಪ್ ಒಳಗೇ ಉಳಿದಿದೆ, ಕಪ್ಪು ಓರೆಯಾಗಿದೆ, ಇಲ್ಲವೆ ತುಕ್ಕು ಕಚ್ಚಿದೆ. ಆಗ ಕೈ ನಿಲ್ಲಿಸಿ ನೋಡಬೇಕು, ಇನ್ನಷ್ಟು ಒತ್ತಬಾರದು. ಹತ್ತೊಂಬತ್ತರ ಹುಡುಗನಿಗೆ ಈ ಎಚ್ಚರಿಕೆ ಮಾವನ ಬೈಗಳಿಗಿಂತ ಬೇಗ ಅರ್ಥವಾದೀತು.

ಅದೇ ಪ್ರೆಸ್ಸಿನಲ್ಲಿ ಬೇರಿಂಗು, ಬುಷ್ಷುಗಳನ್ನೂ ಕೂರಿಸಬಹುದು, ಕಳಚಬಹುದು. ಬೇರೆಡೆಗೆ ಹೋಗುತ್ತಿದ್ದ ಆ ಕೆಲಸದ ಮಜೂರಿ ಮನೆಯಲ್ಲೇ ಉಳಿಯುತ್ತದೆ. ಇಷ್ಟಾದ ಮೇಲೆ ಹಾಳೆಯ ಕೆಳಗೆ ಮೂರನೆಯ ದರವೇ ನಿಂತಿತು.

ಆದರೆ ಹಣ? ಚೀಟಿಯಲ್ಲಿ ಬಂದ ಮೊತ್ತವನ್ನು ಮಗಳ ಕಾಲೇಜಿಗೆಂದು ತೆಗೆದಿಟ್ಟಿದ್ದರು. "ಪ್ರೆಸ್ಸು ತರ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಅರ್ಧ ರೊಕ್ಕ ಹುಡುಗಿ ಹೆಸರಿಗೆ ಬ್ಯಾಂಕಿನ್ಯಾಗ ಇರಬೇಕು. ಉಳಿದಿದ್ದು ಮುಂಗಡ ಕೊಟ್ಟು ಬಾಕಿ ಕಂತಿನ ಮ್ಯಾಲೆ ಕೇಳ್ರಿ" ಎಂದು ಆಕೆ ತೀರ್ಪು ಕೊಟ್ಟರು. ನಮ್ಮ ಯಾವ ಟಿಪ್ಪಣಿಗೂ ಇಷ್ಟು ಬೇಗ ಮಂಜೂರಾತಿ ದೊರೆತದ್ದಿಲ್ಲ. ಅಂಗಡಿಯವನು ಮೂರು ಕಂತಿಗೆ ಒಪ್ಪಿದನು. ರಸ್ತೆಯ ಕೆಲಸಕ್ಕೆ ಪುಲ್ಲರ್ ಬರುವುದು ಕಂತು ತೀರಿದ ಮೇಲೆ.

ಇದೇ ಕಸಬಿನ ಸದಸ್ಯರು ನಮ್ಮಲ್ಲಿ ಇನ್ನೂ ಕೆಲವರಿದ್ದಾರೆ. ಅವರಿಗಾಗಿ ಆ ಹಾಳೆಯ ಉಳಿದ ಸಾಲುಗಳನ್ನೂ ಕೊಡುತ್ತೇವೆ. ಚಕ್ರಗಳಿಗೆ ಅಡ್ಡಗಟ್ಟೆ ಇಡದೆ ಶಾಫ್ಟು ಬಿಚ್ಚಬಾರದು. ಶಾಫ್ಟು ಕಳಚಿದ ಲಾರಿಯನ್ನು ಗೇರು ಹಿಡಿದು ನಿಲ್ಲಿಸಲಾರದು. ಬಿಚ್ಚುವ ಮುನ್ನ ಎರಡು ಭಾಗಗಳ ಮೇಲೂ ಸುಣ್ಣದ ಗುರುತು ಹಾಕಬೇಕು. ಕೀಲು ಹತ್ತು ಡಿಗ್ರಿ ಬಾಗಿ ತಿರುಗುವಾಗ ಸಾವಿರ ಸುತ್ತಿನ ವೇಗ ಪ್ರತಿ ಸುತ್ತಿನಲ್ಲೂ ಎರಡು ಸಲ 985ಕ್ಕೆ ಇಳಿದು 1015ಕ್ಕೆ ಏರುತ್ತದೆ. ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರಕ್ಕಿದ್ದು ಬಾಗು ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿಪಡಿಸುತ್ತದೆ. ಗುರುತು ತಪ್ಪಿ ಜೋಡಿಸಿದರೆ ಗಾಡಿ ನಡುಗುತ್ತದೆ, ಹೊಸ ಕೀಲೂ ಬೇಗ ಸವೆಯುತ್ತದೆ.

ಪ್ರೆಸ್ಸಿನಲ್ಲಿಟ್ಟಾಗ ಶಾಫ್ಟಿನ ಇನ್ನೊಂದು ತುದಿಗೆ ಅದೇ ಎತ್ತರದ ಊರೆ ಬೇಕು. ಒತ್ತುವ ತುಂಡು ಕಪ್ಪಿಗಿಂತ ಕಿರಿದಿರಲಿ, ಕೆಳಗೆ ಹಿಡಿಯುವ ಉಂಗುರ ಕಪ್ಪಿಗಿಂತ ಹಿರಿದಿರಲಿ. ಉಂಗುರ ಕವೆಯ ಕಿವಿಗೆ ಆನಿಕೊಂಡಿರಲಿ. ಭಾರ ಬಿದ್ದಿರುವಾಗ ಸುತ್ತಿಗೆ ಮುಟ್ಟಬಾರದು. ಗ್ಯಾಸಿನ ಉರಿ ಹಿಡಿದು ಕವೆಯನ್ನು ಕೆಂಪಗೆ ಕಾಯಿಸಲೂಬಾರದು, ಉಕ್ಕಿನ ಹದ ಕೆಡುತ್ತದೆ. ಹೊಸ ಕಪ್ಪು ಕೂರಿಸುವಾಗ ಸೂಜಿಗಳು ಅಲುಗದಂತೆ ಗ್ರೀಸು ಮೆತ್ತಬೇಕು. ಒಂದೇ ಒಂದು ಸೂಜಿ ತಳಕ್ಕೆ ಬಿದ್ದು ಅಡ್ಡವಾದರೂ ಕಪ್ಪು ಪೂರ್ತಿ ಇಳಿಯದು, ಸರ್ಕ್ಲಿಪ್ ತನ್ನ ಗಾಡಿಗೆ ಕೂರದು. ಆಗ ಬಲವಂತ ಮಾಡದೆ ಕಪ್ಪು ತೆಗೆದು ನೋಡಬೇಕು. ಕೊನೆಗೆ ಗ್ರೀಸು ಗನ್ ಹಿಡಿದು, ನಾಲ್ಕೂ ಸೀಲುಗಳ ಅಂಚಿನಲ್ಲಿ ಹೊಸ ಗ್ರೀಸು ಇಣುಕುವವರೆಗೆ ತುಂಬಬೇಕು. ಮೂರರಲ್ಲಿ ಇಣುಕಿ ಒಂದರಲ್ಲಿ ಇಣುಕದಿದ್ದರೆ ಕೆಲಸ ಮುಗಿದಿಲ್ಲವೆಂದೇ ತಿಳಿಯಬೇಕು.

ಹಾಳೆಯ ತುದಿಯಲ್ಲಿ ಆ ಮನೆಯಾಕೆ ತಾವೇ ಪೆನ್ನು ತೆಗೆದುಕೊಂಡು ಒಂದು ಸಾಲು ಸೇರಿಸಿದ್ದಾರೆ: ಕಣ್ಣಿನ ಕನ್ನಡಕ, ಎರಡು ಜೊತೆ. ಅದಕ್ಕೆ ದರಪಟ್ಟಿ ಕರೆಯಬೇಕಾಗಿಲ್ಲವೆಂದು ನಾವು ಪಕ್ಕದಲ್ಲಿ ಷರಾ ಬರೆದು ಸಹಿ ಹಾಕಿದೆವು.