ನಾಗಸಾಕಿಯ ಊಟ, ಭಾನುವಾರದ ತಿರುಗಾಟ

ನಾಗಸಾಕಿ ಎಂಬ ಹೆಸರು ನಮ್ಮ ಕಥೋಲಿಕ ಕುಟುಂಬಗಳಲ್ಲಿ ಎರಡೇ ಕಾರಣಗಳಿಗಾಗಿ ನೆನಪಾಗುತ್ತದೆ. ಮೊದಲನೆಯದು, 1597ರ ಫೆಬ್ರವರಿ 5ರಂದು ಅಲ್ಲಿನ ನಿಶಿಜಾಕ ಗುಡ್ಡದ ಮೇಲೆ ಶಿಲುಬೆಗೇರಿಸಲ್ಪಟ್ಟ ಇಪ್ಪತ್ತಾರು ಮಂದಿ ರಕ್ತಸಾಕ್ಷಿಗಳು. ಅವರಲ್ಲಿ ಒಬ್ಬರಾದ ಸಂತ ಗೊನ್ಸಾಲೊ ಗಾರ್ಸಿಯ ಮುಂಬಯಿ ಸಮೀಪದ ವಸಾಯಿಯಲ್ಲಿ ಹುಟ್ಟಿದವರೆಂಬುದು ನಮಗೆಲ್ಲ ಅಭಿಮಾನದ ಸಂಗತಿ. ಎರಡನೆಯದು, 1945ರ ಆಗಸ್ಟ್ 9ರ ಅಣುಬಾಂಬು. ಉರಕಾಮಿ ದೇವಾಲಯದ ಸುಮಾರು 12,000 ಭಕ್ತರಲ್ಲಿ ಸುಮಾರು 8,500 ಮಂದಿ ಅದಕ್ಕೆ ಬಲಿಯಾದರು. ಇಂಥ ಊರಿನಲ್ಲಿಯೂ ಜನರು ಚಪ್ಪರಿಸಿ ಉಣ್ಣುತ್ತಾರೆ, ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಗುಡ್ಡ ಕಡಲು ಎಂದು ಸುತ್ತಾಡುತ್ತಾರೆ ಎಂಬುದು ನಮ್ಮ ಕಲ್ಪನೆಗೆ ಬೇಗನೆ ಎಟಕುವುದಿಲ್ಲ.

ಉದ್ಯೋಗ ನಿಮಿತ್ತ ಆ ಊರಿನಲ್ಲಿ ನೆಲೆಸಿರುವ ನಮ್ಮ ಕಡೆಯ ಯುವಕನೊಬ್ಬನ ತಾಯಿ ಇತ್ತೀಚೆಗೆ ಪೂಜೆ ಮುಗಿದ ಮೇಲೆ ನನ್ನಲ್ಲಿ ದೂರು ಹೇಳಿಕೊಂಡರು. "ನೋಡಿ ಫಾದರ್, ಸಂತರ ರಕ್ತ ಬಿದ್ದ ಊರಿನಲ್ಲಿದ್ದಾನೆ. ಭಾನುವಾರ ಬಂತೆಂದರೆ ಬಟ್ಟಲು ತುಂಬ ಶ್ಯಾವಿಗೆ ತಿನ್ನುವ ಫೋಟೋ ಕಳಿಸುತ್ತಾನೆ. ಪೂಜೆಗೆ ಹೋಗುತ್ತೇನೆ ಅನ್ನುತ್ತಾನೆ, ಸರಿ. ಆಮೇಲೆ ಸಂಜೆವರೆಗೂ ತಿರುಗಾಟವೇ." ಆ ತಾಯಿಯ ಕಳವಳ ಪ್ರಾಮಾಣಿಕವಾದದ್ದು. ಪವಿತ್ರವಾದ ಸ್ಥಳ ಬೇರೆ, ರುಚಿ ಬೇರೆ; ಪ್ರಾರ್ಥನೆ ಬೇರೆ, ವಿಹಾರ ಬೇರೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದರೆ ನಾನು ಆ ಯುವಕನ ಪಕ್ಷ. ಏಕೆಂಬುದನ್ನು ಈ ವಾರ ಓದುಗರ ಮುಂದಿಡಬಯಸುತ್ತೇನೆ.

ಮೊದಲು ಆ ಬಟ್ಟಲಿನ ವಿಚಾರ. ಅದರ ಹೆಸರು ಚಾಂಪೊನ್. ಚೀನಾದ ಫುಜಿಯಾನ್ ಪ್ರಾಂತದಿಂದ ಬಂದ ಚೆನ್ ಪಿಂಗ್‌ಶುನ್ ಎಂಬವರು 1899ರಲ್ಲಿ ನಾಗಸಾಕಿಯಲ್ಲಿ ಶಿಕೈರೊ ಎಂಬ ಭೋಜನಶಾಲೆಯನ್ನು ತೆರೆದರು. ಓದಲೆಂದು ಬಂದು ಕೈಯಲ್ಲಿ ಕಾಸಿಲ್ಲದೆ ಒದ್ದಾಡುತ್ತಿದ್ದ ಚೀನೀ ವಿದ್ಯಾರ್ಥಿಗಳಿಗೆ ಅಗ್ಗದ ಬೆಲೆಯಲ್ಲಿ ಹೊಟ್ಟೆ ತುಂಬ ಪುಷ್ಟಿಯಾದ ಊಟ ನೀಡಬೇಕೆಂಬ ಯೋಚನೆಯಿಂದ ಹುಟ್ಟಿದ್ದು ಈ ಪದಾರ್ಥ. ಹಂದಿಮಾಂಸ, ಸೀಗಡಿ, ಎಲೆಕೋಸು, ಮೊಳಕೆಕಾಳು ಎಲ್ಲವನ್ನೂ ದೊಡ್ಡ ಬಾಣಲೆಯಲ್ಲಿ ಹುರಿದು, ಹಂದಿ ಹಾಗೂ ಕೋಳಿಯ ಎಲುಬಿನಿಂದ ತೆಗೆದ ಸಾರನ್ನು ಹೊಯ್ದು, ದಪ್ಪ ಶ್ಯಾವಿಗೆಯನ್ನು ಅದರೊಳಗೇ ಬೇಯಿಸುತ್ತಾರೆ. ಪರದೇಶಿ ಮಕ್ಕಳ ಹಸಿವನ್ನು ಕಂಡು ಮಾಡಿದ ಅಡುಗೆಯನ್ನು ಇನ್ನೊಬ್ಬ ಪರದೇಶಿ ಹುಡುಗ ಒಂದು ಶತಮಾನದ ಬಳಿಕ ಸಂತೋಷದಿಂದ ಉಣ್ಣುವುದರಲ್ಲಿ ದೋಷವೇನಿದೆ?

ಇನ್ನು ಆ ಊರಿನ ಸಿಹಿತಿಂಡಿ. 1571ರಲ್ಲಿ ನಾಗಸಾಕಿಯ ಬಂದರು ಪೋರ್ಚುಗೀಸ್ ಹಡಗುಗಳಿಗೆ ತೆರೆಯಿತು. ಹಡಗುಗಳಲ್ಲಿ ವರ್ತಕರೂ ಬಂದರು, ಧರ್ಮಪ್ರಚಾರಕರೂ ಬಂದರು, ಅವರೊಡನೆ ಅವರ ಅಡುಗೆಮನೆಯೂ ಬಂತು. ಮೊಟ್ಟೆ, ಸಕ್ಕರೆ, ಹಿಟ್ಟು ಸೇರಿಸಿ ಮಾಡುವ 'ಕಾಸುತೆರಾ' ಎಂಬ ಹಳದಿ ಕೇಕಿನ ಹೆಸರು ಇಬೇರಿಯದ ಕಾಸ್ತೆಲ ರಾಜ್ಯದಿಂದ ಬಂದದ್ದು. ಬೆಣ್ಣೆಯ ಸೋಂಕಿಲ್ಲ, ತಳದಲ್ಲಿ ಹರಳು ಸಕ್ಕರೆಯ ತೆಳುವಾದ ಪದರ. ಫುಕುಸಾಯ ಎಂಬ ಅಂಗಡಿಯವರು 1624ರಿಂದ ಇದನ್ನು ಮಾಡುತ್ತಾ ಬಂದಿದ್ದಾರೆ. ಜಪಾನೀಯರು ರೊಟ್ಟಿಗೆ 'ಪಾನ್' ಎನ್ನುತ್ತಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ಬೆಳಗಿನ ಚಹಾದೊಡನೆ ಕಾಣಿಸಿಕೊಳ್ಳುವ 'ಪಾವ್' ಕೂಡ ಅದೇ ಪೋರ್ಚುಗೀಸ್ ಮಾತಿನ ಮಗು. ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಕ್ಸೇವಿಯರರು 1549ರಲ್ಲಿ ಜಪಾನಿನ ನೆಲವನ್ನು ಮುಟ್ಟಿದ್ದು ನಮಗೆ ಗೊತ್ತು. ಆದರೆ ಸಮುದ್ರಮಾರ್ಗ ತಂದುಕೊಟ್ಟದ್ದು ಸಂತರನ್ನು ಮಾತ್ರವಲ್ಲ, ಬೇಕರಿಯನ್ನೂ ಸಹ.

ಜಗತ್ತಿನೆಲ್ಲೆಡೆ ಜಪಾನೀ ಭೋಜನದ ಗುರುತಾಗಿರುವ ತೆಂಪುರ, ಅಂದರೆ ತೆಳುವಾದ ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ತರಕಾರಿ, ಅದೂ ಪೋರ್ಚುಗೀಸರ ಕೊಡುಗೆ. ಆ ಹೆಸರಿನ ಮೂಲದ ಬಗ್ಗೆ ಪಂಡಿತರಲ್ಲಿ ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳಿವೆ. ಅವುಗಳಲ್ಲಿ ಒಂದು ನಮ್ಮ ಗಮನಕ್ಕೆ ಅರ್ಹವಾದದ್ದು: ಧರ್ಮಸಭೆಯ ಹಳೆಯ ಪದ್ಧತಿಯಂತೆ ವರ್ಷದ ನಾಲ್ಕು ಋತುಗಳಲ್ಲಿ ಆಚರಿಸುತ್ತಿದ್ದ, ಮಾಂಸವರ್ಜನೆಯ 'ತೆಂಪೊರ' ದಿನಗಳಿಂದ ಆ ಹೆಸರು ಬಂತು ಎಂಬುದು. ಇದು ನಿಜವಾದಲ್ಲಿ, ಉಪವಾಸದ ದಿನದ ಸರಳ ಊಟವೇ ಲೋಕಪ್ರಸಿದ್ಧ ರುಚಿಯಾಗಿ ಬೆಳೆದಿದೆ. ತ್ಯಾಗಕ್ಕೂ ಸವಿಗೂ ನಾವು ಎಳೆದಿರುವ ಗೆರೆ ಅಷ್ಟೇನೂ ಭದ್ರವಾದದ್ದಲ್ಲ.

ಊಟದಷ್ಟೇ, ಊಟದ ಮುಂಚಿನ ಒಂದು ಮಾತೂ ನನ್ನ ಮನಸ್ಸನ್ನು ಸೆಳೆದಿದೆ. ಜಪಾನೀಯರು ಕೈಜೋಡಿಸಿ 'ಇತಾದಾಕಿಮಾಸು' ಎಂದು ಹೇಳಿ ತುತ್ತು ಎತ್ತುತ್ತಾರೆ. 'ವಿನಯದಿಂದ ಸ್ವೀಕರಿಸುತ್ತೇನೆ' ಎಂದು ಅದರ ಭಾವ. ಉಂಡ ಮೇಲೆ 'ಗೊಚಿಸೊಸಾಮ' ಎನ್ನುತ್ತಾರೆ. ಆ ಪದವನ್ನು ಬರೆಯುವ ಲಿಪಿಚಿಹ್ನೆಗಳಲ್ಲಿ ಓಟದ ಅರ್ಥವಿದೆ. ಅತಿಥಿಗಾಗಿ ಅಲ್ಲಿಂದಿಲ್ಲಿಗೆ ಓಡಾಡಿ ಊಟ ಒದಗಿಸಿದವರನ್ನು ಅದು ನೆನೆಯುತ್ತದೆ. ಊಟಕ್ಕೆ ಮುನ್ನ ಶಿಲುಬೆಯ ಗುರುತು ಹಾಕಿಕೊಳ್ಳುವ ನಮಗೆ ಇದು ಅಪರಿಚಿತವೆನಿಸಬಾರದು. ಬಫೆ ಊಟದ ಸಾಲಿನಲ್ಲಿ ತಟ್ಟೆಯ ಮೇಲೆ ತಟ್ಟೆ ಪೇರಿಸಿಕೊಂಡು ಶಿಲುಬೆಯ ಗುರುತನ್ನೇ ಮರೆಯುವ ನಮ್ಮ ಮದುವೆಮನೆಗಳ ವಿಷಯ ಇಲ್ಲಿ ಬೇಡ.

ತಾಯಿಯ ದೂರಿನ ಎರಡನೆಯ ಭಾಗ ಭಾನುವಾರದ ತಿರುಗಾಟ. ಇದಕ್ಕೆ ಉತ್ತರ ನಾಗಸಾಕಿಯ ಕ್ರೈಸ್ತರ ಚರಿತ್ರೆಯಲ್ಲಿಯೇ ಇದೆ.

1614ರ ನಿಷೇಧದ ಬಳಿಕ ಆ ನಾಡಿನ ಕ್ರೈಸ್ತರು ಅಡಗಿ ಬಾಳಬೇಕಾಯಿತು. 1644ರಲ್ಲಿ ಕೊನೆಯ ಗುರುವೂ ಹುತಾತ್ಮರಾದರು. ಅಲ್ಲಿಂದ ಮುಂದೆ ಎರಡು ಶತಮಾನಗಳಿಗೂ ಮಿಕ್ಕಿ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಪರಮಪ್ರಸಾದವಿಲ್ಲ. ಉಳಿದದ್ದು ದೀಕ್ಷಾಸ್ನಾನ, ಪ್ರಾರ್ಥನೆಗಳು, ಮತ್ತು ಒಂದು ಪಂಚಾಂಗ. ನಾಗಸಾಕಿಗೆ ವಾಯವ್ಯದಲ್ಲಿರುವ ಸೊತೊಮೆ ಎಂಬ ಕಡಲತೀರದ ಹಳ್ಳಿಗಳಲ್ಲಿ ಬಾಸ್ಟಿಯನ್ ಎಂಬ ಉಪದೇಶಿಯ ಹೆಸರಿನಲ್ಲಿ 1634ರ ಪಂಚಾಂಗವೊಂದು ಕೈಯಿಂದ ಕೈಗೆ ದಾಟಿಬಂತು. ಯಾವ ದಿನ ಹಬ್ಬ, ಯಾವ ದಿನ ಉಪವಾಸ, ಯಾವ ದಿನ ದುಡಿಮೆಗೆ ಕೈಹಚ್ಚಬಾರದು ಎಂಬುದನ್ನು ಲೆಕ್ಕಹಾಕಿ ಮನೆಮನೆಗೆ ತಿಳಿಸಲು ಊರಿಗೊಬ್ಬ ಹಿರಿಯನಿರುತ್ತಿದ್ದ. ಹೊಲದಲ್ಲಿ ಎಲ್ಲರೂ ದುಡಿಯುವಾಗ ಒಂದು ಕುಟುಂಬ ಮಾತ್ರ ಸುಮ್ಮನಿದ್ದರೆ ಗೂಢಚಾರರ ಕಣ್ಣು ಬೀಳುತ್ತಿತ್ತು. ಆದರೂ ಅವರು ದಿನಗಳ ಎಣಿಕೆಯನ್ನು ಬಿಡಲಿಲ್ಲ.

1865ರ ಮಾರ್ಚ್ 17ರಂದು ನಾಗಸಾಕಿಯ ಓವುರ ದೇವಾಲಯದಲ್ಲಿ ಫ್ರೆಂಚ್ ಗುರು ಬೆರ್ನಾರ್ ಪೆತಿಜಾನರ ಬಳಿಗೆ ಉರಕಾಮಿಯ ರೈತರ ಒಂದು ಗುಂಪು ಬಂದು ತಮ್ಮ ವಿಶ್ವಾಸವನ್ನು ಪ್ರಕಟಿಸಿದ್ದು ಜಗತ್ಪ್ರಸಿದ್ಧ ಘಟನೆ. ಆ ಜನರು ತಾವು ಈಗ 'ದುಃಖದ ಕಾಲ'ದ ಹದಿನೇಳನೆಯ ದಿನದಲ್ಲಿದ್ದೇವೆ ಎಂದೂ ಹೇಳಿದರು. ಆ ವರ್ಷ ಪಾಸ್ಕ ಹಬ್ಬ ಏಪ್ರಿಲ್ 16ಕ್ಕೆ ಬಿದ್ದಿತ್ತು, ವಿಭೂತಿ ಬುಧವಾರ ಮಾರ್ಚ್ 1ಕ್ಕೆ. ಓದುಗರು ಬೆರಳು ಮಡಚಿ ಎಣಿಸಬಹುದು: ತಪಸ್ಸುಕಾಲದ ಹದಿನೇಳನೆಯ ದಿನ, ಒಂದು ದಿನವೂ ಆಚೀಚೆಯಿಲ್ಲ. ಗುರುವಿಲ್ಲದ, ಗಂಟೆಯಿಲ್ಲದ, ಮುದ್ರಿತ ಕ್ಯಾಲೆಂಡರಿಲ್ಲದ ಜನರು ಕಾಪಾಡಿಕೊಂಡು ಬಂದದ್ದು ಕಾಲವನ್ನು.

ಅವರ ಸಂಕಟ ಅಲ್ಲಿಗೂ ಮುಗಿಯಲಿಲ್ಲ. ಉರಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಲಾಯಿತು. 1873ರಲ್ಲಿ ನಿಷೇಧದ ಫಲಕಗಳನ್ನು ಇಳಿಸಿದ ನಂತರವೇ ಅವರು ಮರಳಿದ್ದು. ಮೂರೇ ವರ್ಷಗಳಲ್ಲಿ, 1876ರಲ್ಲಿ, ಜಪಾನ್ ಸರಕಾರ ಪಾಶ್ಚಾತ್ಯ ದೇಶಗಳೊಡನೆ ವ್ಯವಹಾರಕ್ಕೆ ಅನುಕೂಲವಾಗಲೆಂದು ಭಾನುವಾರವನ್ನು ಕಚೇರಿಗಳ ರಜೆಯಾಗಿ ಸ್ವೀಕರಿಸಿತು. ಸರಕಾರದ ಉದ್ದೇಶ ಧರ್ಮವಾಗಿರಲಿಲ್ಲ, ನಿಜ. ಆದರೆ ಅಡಗಿ ಆಚರಿಸಿದ್ದವರ ಮೊಮ್ಮಕ್ಕಳು ಹಗಲು ಬೆಳಕಿನಲ್ಲಿ, ಎಲ್ಲರೆದುರು, ಏನೂ ಮಾಡದೆ ಕುಳಿತುಕೊಳ್ಳುವ ಸ್ವಾತಂತ್ರ್ಯವನ್ನು ಪಡೆದರು. ಆ ಊರಿನಲ್ಲಿ ಭಾನುವಾರವನ್ನು ಸಂತೋಷವಾಗಿ ಕಳೆಯುವವನು ರಕ್ತಸಾಕ್ಷಿಗಳನ್ನು ಅವಮಾನಿಸುತ್ತಾನೆಯೆ? ಅವರು ಕಾಪಾಡಿದ್ದನ್ನೇ ಅವನು ಅನುಭವಿಸುತ್ತಿದ್ದಾನೆ ಎಂದು ನನ್ನ ತಿಳಿವಳಿಕೆ.

ನಮ್ಮ ಯುವಕನ ತಿರುಗಾಟದ ಪಟ್ಟಿಯಲ್ಲಿ ಈ ಸೊತೊಮೆಯೂ ಇದೆ ಎಂದು ತಿಳಿದು ನನಗೆ ಸಂತೋಷವಾಯಿತು. ನಗರದಿಂದ ಬಸ್ಸಿನಲ್ಲಿ ಒಂದು ಗಂಟೆಗೂ ಮಿಕ್ಕಿದ ದಾರಿ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ. ಶುಸಾಕು ಎಂಡೊ ಅವರ 'ಮೌನ' ಕಾದಂಬರಿಯನ್ನು ಓದಿದವರಿಗೆ ಈ ತೀರ ಪರಿಚಿತ. ಅಲ್ಲಿನ ಶಿತ್ಸು ಗ್ರಾಮದಲ್ಲಿ 1882ರಲ್ಲಿ ದೇವಾಲಯ ಕಟ್ಟಿಸಿದವರು ಫ್ರಾನ್ಸಿನ ನಾರ್ಮಂಡಿಯ ಗುರು ಮಾರ್ಕ್ ಮರೀ ದೊ ರೊ. 1868ರಲ್ಲಿ ಜಪಾನಿಗೆ ಬಂದ ಅವರು 1914ರಲ್ಲಿ ಅಲ್ಲಿಯೇ ಕಾಲವಾದರು. ಒಮ್ಮೆಯೂ ಸ್ವದೇಶಕ್ಕೆ ಹಿಂದಿರುಗಲಿಲ್ಲ. ಬಂಜರು ಇಳಿಜಾರುಗಳಲ್ಲಿ ಗೆಣಸು ಬೆಳೆದು ಬದುಕುತ್ತಿದ್ದ, ಗಂಡಸರನ್ನು ಕಡಲಿಗೆ ಕಳೆದುಕೊಂಡ ಕುಟುಂಬಗಳನ್ನು ಕಂಡು ತಮ್ಮ ಪಿತ್ರಾರ್ಜಿತ ಹಣವನ್ನು ಅಲ್ಲಿಯೇ ಸುರಿದರು. 1883ರಲ್ಲಿ ಒಂದು ಸಹಾಯಕೇಂದ್ರವನ್ನು ತೆರೆದು ಹೆಣ್ಣುಮಕ್ಕಳಿಗೆ ನೇಯ್ಗೆ, ರೊಟ್ಟಿ ಸುಡುವುದು, ಮ್ಯಾಕರೋನಿ ಹಾಗೂ ಎಳೆಶ್ಯಾವಿಗೆ ತಯಾರಿಸುವುದು ಇವನ್ನೆಲ್ಲ ಕಲಿಸಿದರು. ಕಡಲೆಕಾಯಿ ಎಣ್ಣೆ ಸವರಿ ಎಳೆಯುವ ಆ ಶ್ಯಾವಿಗೆ ಇಂದಿಗೂ 'ದೊರೊಸಾಮ ಸೋಮೆನ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಗುರುಗಳ ಹೆಸರು ಬೀದಿಗೆ, ಶಾಲೆಗೆ ಇರುವುದನ್ನು ಕಂಡಿದ್ದೇವೆ. ಶ್ಯಾವಿಗೆಗೆ ಇರುವುದು ಅಪರೂಪ. (ನಮ್ಮ ಧರ್ಮಪ್ರಾಂತದಲ್ಲಿ ಯಾವ ಗುರುವಿನ ಹೆಸರು ಯಾವ ತಿಂಡಿಗೆ ಒಪ್ಪೀತು ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.)

ಭೋಗವೆಲ್ಲ ಹೀಗೆ ಸಮರ್ಥನೀಯವೇ ಎಂದು ಕೇಳಬಹುದು. ಸೆಮಿನರಿಯಲ್ಲಿ ನಮಗೆ ಸಂತ ಥಾಮಸ್ ಅಕ್ವಿನಾಸರನ್ನು ಕಲಿಸಿದ ಪ್ರಾಧ್ಯಾಪಕರು ಒಂದು ವಿಷಯವನ್ನು ಒತ್ತಿ ಹೇಳುತ್ತಿದ್ದರು. ಮಿತಸಂಯಮವೆಂಬ ಸದ್ಗುಣಕ್ಕೆ ವಿರೋಧಿಗಳು ಇಬ್ಬರು. ಹೊಟ್ಟೆಬಾಕತನವನ್ನು ಎಲ್ಲರೂ ಬಲ್ಲರು. ಎರಡನೆಯ ವಿರೋಧಿ ಸಂವೇದನಾಶೂನ್ಯತೆ, ಅಂದರೆ ಪ್ರಕೃತಿಸಹಜವಾದ ಸುಖವನ್ನೂ ಸಕಾರಣವಿಲ್ಲದೆ ತಿರಸ್ಕರಿಸುವುದು. ಅದನ್ನೂ ಅಕ್ವಿನಾಸರು ದುರ್ಗುಣವೆಂದೇ ಎಣಿಸಿದ್ದಾರೆ. ಆಟ, ವಿನೋದಗಳ ಕುರಿತು ಬರೆಯುವಾಗ ಅವರು ಸದಾ ಹೆದೆಯೇರಿಸಿದ ಬಿಲ್ಲು ಮುರಿಯುತ್ತದೆ ಎಂಬ ಹಳೆಯ ದೃಷ್ಟಾಂತವನ್ನು ನೀಡುತ್ತಾರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ನಮ್ಮ ಮಗ ಸುಖಪಟ್ಟನೆ ಎಂಬುದಲ್ಲ. ಅದನ್ನು ದಾನವೆಂದು ಸ್ವೀಕರಿಸಿದನೆ, ಸರಕೆಂದು ಖರೀದಿಸಿದನೆ? ಯಾರೊಡನೆ ಕುಳಿತು ಉಂಡ?

ಈ ಕೊನೆಯ ಪ್ರಶ್ನೆ ಜಪಾನೀಯರನ್ನೂ ಕಾಡಿದೆ. ಅತಿ ದುಡಿಮೆಯಿಂದ ಬರುವ ಸಾವಿಗೆ ಅವರ ಭಾಷೆಯಲ್ಲಿ 'ಕರೋಶಿ' ಎಂಬ ಪದವೇ ಇದೆ. ಅದನ್ನು ತಡೆಯಲು 2014ರಲ್ಲಿ ಕಾನೂನು ಮಾಡಬೇಕಾಯಿತು. ಒಂಟಿಯಾಗಿ ಉಣ್ಣುವುದಕ್ಕೆ 'ಕೊಶೊಕು' ಎಂಬ ಪದವಿದೆ. 2005ರಲ್ಲಿ ಆಹಾರಶಿಕ್ಷಣಕ್ಕಾಗಿ ಒಂದು ಶಾಸನವನ್ನೇ ರಚಿಸಿ, ಕುಟುಂಬದವರು ಜೊತೆಗೆ ಕುಳಿತು ಉಣ್ಣುವುದನ್ನು ಹೆಚ್ಚಿಸುವುದು ಸರಕಾರದ ಯೋಜನೆಯ ಗುರಿಗಳಲ್ಲೊಂದಾಯಿತು. ಅಂಥ ಸವಿಯಾದ ಅಡುಗೆಯ ನಾಡಿನಲ್ಲಿಯೂ ಬಿಡುವಿಲ್ಲದಿದ್ದರೆ ರುಚಿ ವ್ಯರ್ಥ.

ನಮ್ಮಲ್ಲಿ ಸ್ಥಿತಿ ಏನು? ಒಂಬತ್ತನೆಯ ತರಗತಿಗೆ ಕಾಲಿಟ್ಟ ಮಗುವಿಗೆ ಭಾನುವಾರ ಬೆಳಿಗ್ಗೆ ಕೋಚಿಂಗ್, ಮಧ್ಯಾಹ್ನ ಪರೀಕ್ಷಾಭ್ಯಾಸ. ಧರ್ಮೋಪದೇಶದ ತರಗತಿಗೆ ರಜಾಚೀಟಿ ತರುವವರು ತಂದೆತಾಯಿಗಳೇ. ಜೀವದ ಹಂಗು ತೊರೆದು ಬಡ ರೈತರು ಎಣಿಸಿಟ್ಟ ದಿನವನ್ನು ನಾವು ಶುಲ್ಕ ತೆತ್ತು ಒಪ್ಪಿಸಿಬಿಡುತ್ತಿದ್ದೇವೆ. ಇನ್ನು ಮನೆಯ ತಾಯಿಗೆ ಭಾನುವಾರವೆಂಬುದು ವಾರದ ಅತಿ ದೀರ್ಘ ದಿನ. ಮೊದಲ ಪೂಜೆ ಮುಗಿಸಿ ಬಂದವಳು ಮಸಾಲೆ ಅರೆಯಲು ನಿಂತರೆ, ಸಾನ್ನಾಂ, ಹಂದಿ ಪದಾರ್ಥ, ಕೋಳಿ ಪದಾರ್ಥ ಎಲ್ಲ ಮುಗಿದು, ಬಂದವರಿಗೆ ಬಡಿಸಿ, ಪಾತ್ರೆ ತೊಳೆಯುವಾಗ ಗಂಟೆ ಮೂರು. ಉಳಿದವರೆಲ್ಲ ಆಗ ನಿದ್ದೆಯಲ್ಲಿರುತ್ತಾರೆ. ವಿಶ್ರಾಂತಿಯ ಆಜ್ಞೆಯಲ್ಲಿ ಮಗ, ಮಗಳು, ಆಳು, ಎತ್ತು, ಕತ್ತೆ, ಪರದೇಶಿ ಎಲ್ಲರ ಹೆಸರೂ ಬರುತ್ತದೆ; ಅಡುಗೆಮನೆಗೆ ವಿನಾಯಿತಿ ಇದೆಯೆಂದು ನಾನೆಲ್ಲೂ ಓದಿಲ್ಲ.

ದೊಡ್ಡ ಹೋಟೆಲಿಗೆ ಹೋಗಬೇಕಾಗಿಲ್ಲ. ಬುತ್ತಿ ಕಟ್ಟಿಕೊಂಡು ಕಡಲದಂಡೆಗೆ ಹೋಗಬಹುದು, ಅತ್ತೂರಿನ ಸಂತ ಲಾರೆನ್ಸರ ಸನ್ನಿಧಿಗೆ ಹೋಗಿ ಬರುತ್ತಾ ಕಾರ್ಕಳದಲ್ಲಿ ಬಿಸಿ ದೋಸೆ ತಿನ್ನಬಹುದು. ಬುತ್ತಿಯನ್ನು ಗಂಡಸರು ಕಟ್ಟಿದರೆ ಇನ್ನೂ ಒಳ್ಳೆಯದು. ಧರ್ಮಕೇಂದ್ರಗಳೂ ಒಂದು ಕೆಲಸ ಮಾಡಬಹುದೆಂದು ನನ್ನ ಸಲಹೆ. ತಿಂಗಳಿಗೆ ಒಂದು ಭಾನುವಾರವಾದರೂ ಬೆಳಗಿನ ಪೂಜೆಯ ನಂತರ ಯಾವ ಸಂಘದ ಸಭೆಯನ್ನೂ, ಯಾವ ಸಮಿತಿಯ ಚುನಾವಣೆಯನ್ನೂ, ಯಾವ ತರಬೇತಿ ಶಿಬಿರವನ್ನೂ ಇಡದೆ ಕುಟುಂಬಗಳನ್ನು ಅವುಗಳ ಪಾಡಿಗೆ ಬಿಡುವುದು. ಮುಂದಿನ ಪಾಲನಾ ಪರಿಷತ್ತಿನ ಸಭೆಯಲ್ಲಿ ನಾನು ಇದನ್ನು ಮಂಡಿಸಲಿದ್ದೇನೆ. ಆ ಸಭೆಯನ್ನು ಶನಿವಾರ ಸಂಜೆಗೆ ಕರೆಯಲಾಗಿದೆ.